ಅಪ್ಪನ ಕೈಗೆ ಕೊಟ್ಟ ಚೀಟಿ

ಮಾರ್ಚ್ ೧೪, ಗುರುವಾರ

ಮಕ್ಕಳ ವಸಂತದ ರಜೆಗೆ ಇನ್ನು ಎರಡೇ ದಿನ. ಟೆಂಟು, ಹಗ್ಗ, ನೀರಿನ ಕ್ಯಾನು ಎಲ್ಲ ಟ್ರಕ್ಕಿಗೆ ಏರಿವೆ. ಚೀಟಿಯೊಂದು ಬಾಕಿ ಇತ್ತು. ಯಾವ ದಾರಿ, ಎಷ್ಟು ಹೊತ್ತಿಗೆ ನಮ್ಮ ಫೋನ್ ಬರದಿದ್ದರೆ ಇಲ್ಲಿನ ಪೊಲೀಸ್ ಮುಖ್ಯಸ್ಥ ಶೆರಿಫನಿಗೆ ಹೇಳಬೇಕು ಎಂದು ಬರೆದು ಮನೆಯಲ್ಲುಳಿಯುವವರ ಕೈಗೆ ಕೊಡದೆ ಇಲ್ಲಿ ಯಾರೂ ಕಣಿವೆಗೆ ಇಳಿಯುವುದಿಲ್ಲ.

"ನಿಮ್ಮಪ್ಪಂಗೇ ಕೊಡು," ಅಂದ ನನ್ನ ಗಂಡ ಟ್ರೆಂಟ್. ಎಷ್ಟು ಸಲೀಸಾಗಿ ಅಂದುಬಿಟ್ಟ. ಒಂಬತ್ತು ವರ್ಷದ ಹಿಂದೆ ನನ್ನ ತಮ್ಮ ವೇಡ್ ಚೀಟಿ ಕೊಟ್ಟದ್ದೂ ಅಪ್ಪನಿಗೇ. ಎಲ್ಲೋ ದೂರ ಸುರಿದ ಮಳೆಯ ನೀರು ಇಕ್ಕಟ್ಟಾದ ಕಣಿವೆಗೆ ನುಗ್ಗಿ ಅವನನ್ನು ಕೊಚ್ಚಿಕೊಂಡು ಹೋಯಿತು. ಚೀಟಿಯಲ್ಲಿ ಸಂಜೆ ಆರು ಎಂದಿತ್ತು. ಅಪ್ಪ ಆರರವರೆಗೂ ಕಾದ. ಈಗ ಅದೇ ಕಣಿವೆಯನ್ನು ಮಕ್ಕಳಿಗೆ ತೋರಿಸಬೇಕೆಂದು ಹಟ ಹಿಡಿದವಳು ನಾನೇ.

ಸಂಜೆ ಹೋಗಿ ಕೊಟ್ಟೆ. ಅಪ್ಪ ಎರಡು ಸಲ ಓದಿದ.

"ಮಕ್ಕಳ್ನೂ ಇಳಿಸ್ತೀರೇನೇ?"

"ಮೋಡ ಕಂಡ್ರೆ ಇಳಿಯಲ್ಲ ಅಪ್ಪ."

"ಅವನಿಗೂ ಕಂಡಿರ್ಲಿಲ್ಲ ಕಣೇ."

ಆಮೇಲೆ ಪೆನ್ಸಿಲ್ ತೆಗೆದು, ನಾನು ಬರೆದಿದ್ದ ಸಂಜೆ ಆರನ್ನು ಹೊಡೆದು, ಮಧ್ಯಾಹ್ನ ಹನ್ನೆರಡು ಮಾಡಿದ.

"ಆರರ ತನಕ ಇನ್ನೊಂದ್ಸಲ ಕೂರೋಕೆ ನನ್ನ ಕೈಲಾಗಲ್ಲ."

ಹನ್ನೆರಡಕ್ಕೆ ಮೇಲೆ ಬರಬೇಕೆಂದರೆ ವೇಡ್‌ನ ದೇಹ ಸಿಕ್ಕ ಜಾಗದವರೆಗೆ ಹೋಗಲಾಗದು. ಅಪ್ಪನಿಗೆ ಅದು ಗೊತ್ತು. ಟ್ರೆಂಟ್‌ಗೆ ಇನ್ನೂ ಹೇಳಿಲ್ಲ. ಅಪ್ಪನ ಮಾತು ಕೇಳಿ ನನಗೆ ಎಷ್ಟು ಹಗುರಾಯಿತು ಎಂಬುದನ್ನಂತೂ ಯಾರಿಗೂ ಹೇಳಲಾರೆ.