ಸುಣ್ಣದ ತಿಳಿ

ಚಿಮ್ಮಡ,
೧೮-೧೧-೧೯೮೭, ಬುಧವಾರ

ಸೊಲ್ಲಾಪುರದಲ್ಲಿರುವ ನಮ್ಮ ಯಜಮಾನರಿಗೆ ತಾರವ್ವನ ನಮಸ್ಕಾರಗಳು.

ನಾನು ಗಟ್ಟಿಮುಟ್ಟಾಗಿದ್ದೇನೆ. ನಿಮ್ಮ ಆರೋಗ್ಯ ಹೇಗಿದೆ? ಗಿರಣಿಯ ಹತ್ತಿಧೂಳಿಗೆ ಹತ್ತಿದ ಕೆಮ್ಮು ಥಂಡಿಯಲ್ಲಿ ಜೋರಾಗುತ್ತದೆ, ಅಜವಾನದ ನೀರು ಕುಡಿಯುವುದನ್ನು ಬಿಡಬೇಡಿ. ಊಟ ಹೊತ್ತಿಗೆ ಸರಿಯಾಗಿ ಸಿಗುತ್ತದೆಯೇ? ದೀಪಾವಳಿಗೂ ನೀವು ಬರಲಿಲ್ಲ. ರಜೆ ಸಿಕ್ಕಿರಲಿಕ್ಕಿಲ್ಲ ಎಂದು ನಾನೇ ಅಂದುಕೊಂಡೆ. ಇಲ್ಲಿ ಮನೆಯವರೆಲ್ಲ ಕ್ಷೇಮ. ಹೋದ ಗುರುವಾರ ನಮ್ಮ ಆಕಳು ಬಿದ್ದು ಎದ್ದ ಸುದ್ದಿಯನ್ನು ಊರಿಂದ ಬಂದವರು ನಿಮಗೆ ಅರ್ಧ ಹೇಳಿರುತ್ತಾರೆ. ಉಳಿದರ್ಧವನ್ನು ನಾನು ಬರೆಯುತ್ತೇನೆ. ಸ್ವಲ್ಪ ಉದ್ದವಾಗುತ್ತದೆ. ಕೂತು ಓದಿ.

ಮೊದಲು ಹಳೆಯದನ್ನು ಹೇಳಬೇಕು, ಯಾಕೆಂದರೆ ನೀವು ಅದನ್ನು ನಿಮ್ಮ ಅಣ್ಣನ ಬಾಯಿಂದ ಮಾತ್ರ ಕೇಳಿದ್ದೀರಿ. ಹೋದ ಚಳಿಗಾಲದಲ್ಲಿ ನಮ್ಮ ಜರ್ಸಿ ಆಕಳು ಮೂರನೆಯ ಸಲ ಈದಾಗ ಕರುವನ್ನು ಎಳೆದು ತೆಗೆದವಳು ನಾನು. ಡೇರಿಯವರು ಕೊಟ್ಟಿದ್ದ ಖನಿಜ ಪುಡಿಯ ಚೀಲ ಗೋದಲಿಯ ಪಕ್ಕ ಬಾಯಿ ಕಟ್ಟಿದಂತೆಯೇ ಇತ್ತು. ಬರೀ ಕಬ್ಬಿನ ಸೋಗೆ, ಜೋಳದ ಕಣಿಕಿ ತಿಂದು ಇಷ್ಟು ಹಾಲು ಕೊಡುವ ದನ ಸೊರಗುತ್ತದೆ, ದಿನಕ್ಕೊಂದು ಹಿಡಿ ಹಾಕೋಣ ಎಂದು ನಾನು ಮೂರು ಸಲ ಕೇಳಿದ್ದೆ. ನಿಮ್ಮ ಅಣ್ಣ ಗುರಪ್ಪ ಭಾವ ನಕ್ಕರು. "ದನಕ್ಕ ಮಣ್ಣ ತಿನ್ನಸ್ತೀಯೇನ? ಒಳಗ ಹೋಗಿ ರೊಟ್ಟಿ ಬಡಿ," ಅಂದರು. ಆಕಳು ಈದ ಮರುದಿನ ಬೆಳಿಗ್ಗೆ ನೆಲ ಹಿಡಿಯಿತು. ಕಿವಿ ತಣ್ಣಗಾಗಿದ್ದವು, ಕುತ್ತಿಗೆ ಪಕ್ಕೆಗೆ ಹೊರಳಿತ್ತು. ಭಾವ ಕುಡುಗೋಲು ಕಾಯಿಸಿ ಬೆನ್ನಿಗೆ ಬರೆ ಎಳೆದರು. ಮಧ್ಯಾಹ್ನ ಅದು ಸತ್ತಿತು. ಆಮೇಲೆ ಓಣಿಯ ಮಂದಿಯೆಲ್ಲ ಕೇಳುವ ಹಾಗೆ, ಎರಡು ಬಸಿರು ನಿಲ್ಲದವಳ ಕಣ್ಣು ಹಡೆದ ಆಕಳಿಗೆ ಹತ್ತಿತು ಎಂದರು.

ನೀವು ನಾಲ್ಕನೆಯ ದಿನ ಬಂದಿರಿ. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಅಂಗಳದಲ್ಲಿ ನಿಂತು, ಕಾಲಿನ ಚಪ್ಪಲಿಯನ್ನೂ ಬಿಡದೆ, "ನೀ ದನದ ಕಡೆ ಹೋಗಬ್ಯಾಡ. ಗಂಟು ಕಟ್ಟು, ತೇರದಾಳಕ್ಕ ನಡಿ," ಅಂದಿರಿ. ನಾನು ತವರಿಗೆ ಹೋಗಲಿಲ್ಲ. ನೀವು ಮೂರು ಗಂಟೆಯ ಬಸ್ಸಿಗೆ ಹೊರಟುಹೋದಿರಿ. ಅಂದಿನಿಂದ ಬಾಗಿಲ ಪಕ್ಕದ ಕೋಣೆಯಲ್ಲಿ ಬೇರೆ ಒಲೆ ಹೂಡಿಕೊಂಡು, ಮಂದಿಯ ಹೊಲದಲ್ಲಿ ಕಳೆ ತೆಗೆದು ಉಂಡಿದ್ದೇನೆ. ಹಾಲು ಒಯ್ಯುವ ಹೆಂಗಸರು ನನ್ನನ್ನು ಕಂಡರೆ ಚರಿಗೆಗೆ ಸೆರಗು ಮುಚ್ಚುತ್ತಿದ್ದರು. ಅದನ್ನು ನೀವು ನೋಡಿಲ್ಲ. ನಾನು ಒಂದೊಂದು ಸೆರಗಿನ ಬಣ್ಣವನ್ನೂ ನೆನಪಿಟ್ಟುಕೊಂಡಿದ್ದೇನೆ.

ಪಂಚಮಿಗೆ ತೇರದಾಳಕ್ಕೆ ಅವ್ವನ ಬಳಿ ಹೋದಾಗ ಅಲ್ಲಿಯ ಡೇರಿಯಲ್ಲಿ ದನದ ಡಾಕ್ಟರು ಮಂದಿಯನ್ನು ಕೂಡಿಸಿ ಮಾತಾಡುತ್ತಿದ್ದರು. ಈದ ಮರುದಿನ ಬೀಳುವ ಆಕಳಿನ ವಿಷಯ ಬಂದಾಗ ನಾನು ಮುಂದೆ ಸರಿದು ಕೂತೆ. ಹಾಲು ಒಮ್ಮೆಲೇ ಇಳಿದಾಗ ರಕ್ತದಲ್ಲಿಯ ಸುಣ್ಣದಂಶವನ್ನೆಲ್ಲ ಎಳೆದುಕೊಳ್ಳುತ್ತದಂತೆ. ಅದಕ್ಕೇ ಕಿವಿ ತಣ್ಣಗಾಗುವುದು, ಕುತ್ತಿಗೆ ಹೊರಳುವುದು. ಕುತ್ತಿಗೆಯ ನರಕ್ಕೆ ಒಂದು ಬಾಟಲಿ ಕ್ಯಾಲ್ಸಿಯಂ ಬಿಟ್ಟರೆ ಬಹಳಷ್ಟು ಆಕಳುಗಳು ತಾಸಿನೊಳಗೆ ಏಳುತ್ತವಂತೆ. ಜನ ಹೋದ ಮೇಲೆ ನಾನು ನಿಂತು, ಹಾಗಾದರೆ ಈದ ಮೇಲೆ ಕೊಡುವ ಸುಣ್ಣವನ್ನು ಗಬ್ಬದಲ್ಲೇ ಕೊಟ್ಟರಾಗದೇ ಎಂದು ಕೇಳಿದೆ. ಅವರು ತಲೆ ಅಲ್ಲಾಡಿಸಿದರು. "ಎಲುಬಿನ್ಯಾಗ ಸುಣ್ಣದ ದಾಸ್ತಾನ ಇರತೈತಿ, ತಂಗಿ. ಕಡೀ ತಿಂಗಳ ನಾವ ಬಾಯಿಗೆ ಹಾಕ್ಕೋಂತ ಹ್ವಾದರ, ಎಲುಬ ಕೊಡೂದನ್ನ ಮರೀತೈತಿ. ಈದ ದಿನ ಹಾಲು ಕೇಳಿದಾಗ ಬಾಗಲಾ ತಗಿಯೂದಿಲ್ಲ," ಅಂದರು. ಈಯುವ ಮುಂಚೆ ಸುಣ್ಣ ಕಡಿಮೆ ಇರಬೇಕು, ಈದ ಮೇಲೆ ಹೆಚ್ಚಿಸಬೇಕು, ಜೊತೆಗೆ ರಂಜಕವೂ ಉಪ್ಪೂ ಅಳತೆಯಲ್ಲಿರಬೇಕು. ಅಳತೆ ತಪ್ಪಿದರೆ ಔಷಧವೇ ಆಕಳನ್ನು ಕೆಡವುತ್ತದೆ. ಇದನ್ನೆಲ್ಲ ಬಸ್ಸಿನಲ್ಲಿ ಬಾಯಿಪಾಠ ಮಾಡುತ್ತ ಬಂದೆ.

ಗಣಪತಿ ಹಬ್ಬದ ಹೊತ್ತಿಗೆ ಭಾವ ಮುಧೋಳದ ಸಂತೆಯಿಂದ ಗಬ್ಬದ ಆಕಳೊಂದನ್ನು ತಂದರು. ಮೊದಲಿನದಕ್ಕಿಂತ ದೊಡ್ಡದು, ಸಾಧು ಮುಖದ್ದು. ಡೇರಿ ಕಟ್ಟೆಯ ಮೇಲೆ ಯಾರೋ ಸೀಮೆ ಆಕಳಿಗೆ ಸುಣ್ಣ ಬೇಕು ಎಂದದ್ದನ್ನು ಅರೆಬರೆ ಕೇಳಿಸಿಕೊಂಡು ಬಂದರು. ದಸರೆಯಿಂದ ನಿಮ್ಮ ಅತ್ತಿಗೆ ಕೆಂಪವ್ವಕ್ಕ ದಿನಾ ಬೆಳಿಗ್ಗೆ ಬಕೆಟ್ಟಿನಲ್ಲಿ ಸುಣ್ಣ ಕದಡಿ, ತಿಳಿ ಬಸಿದು, ಬೂಸಾಕ್ಕೆ ಸುರಿಯತೊಡಗಿದಳು. ನನ್ನ ಕೋಣೆಯ ಹೊಸ್ತಿಲಲ್ಲಿ ಕೂತರೆ ಅದೆಲ್ಲ ಕಾಣುತ್ತದೆ. ಏನಾಗುತ್ತದೆಂದು ನನಗೆ ಗೊತ್ತಿತ್ತು. ಎದ್ದುಹೋಗಿ ಒಂದು ಮಾತು ಹೇಳಿದರೆ ಸಾಕಿತ್ತು. ನಲವತ್ತು ದಿನ ನಾನು ಆ ಮಾತು ಹೇಳಲಿಲ್ಲ.

ನಿಮ್ಮ ಮುಂದೆ ಸುಳ್ಳು ಯಾಕೆ? ಒಂದೊಂದು ಬಕೆಟ್ಟು ಸುರಿದಾಗಲೂ ನನಗೆ ಖುಷಿಯಾಗುತ್ತಿತ್ತು. ಆಕಳು ಮಾತ್ರ ನೀರು ಕುಡಿದು ಬಂದು ನನ್ನ ಹೊಸ್ತಿಲಿನ ಕಡೆ ಮುಖ ಮಾಡಿ ಮೆಲುಕು ಹಾಕುತ್ತ ನಿಲ್ಲುತ್ತಿತ್ತು. ಆಗ ನಾನು ಒಳಗೆ ಹೋಗಿಬಿಡುತ್ತಿದ್ದೆ.

ಬುಧವಾರ ಸಂಜೆ ಆಕಳು ಈದಿತು. ಹೆಣ್ಣು ಕರು. ಗುರುವಾರ ಬೆಳಿಗ್ಗೆ ಕೊಟ್ಟಿಗೆಯಿಂದ ಭಾವನ ಕೂಗು ಕೇಳಿತು. ನಾನು ನೋಡುವಷ್ಟರಲ್ಲಿ ಅವರು ಕುಡುಗೋಲನ್ನು ಒಲೆಗೆ ಇಟ್ಟಿದ್ದರು. ಕೆಂಪವ್ವಕ್ಕ ಓಡಿಬಂದು ನನ್ನ ಕೈ ಹಿಡಿದಳು. ಕೆಟ್ಟ ಕಣ್ಣಿನವಳು ಎಂದು ಹತ್ತು ತಿಂಗಳು ನನ್ನನ್ನು ಮುಟ್ಟದ ಕೈ ಅದು. "ತಾರಾ, ನಿನಗ ಏನರೆ ಗೊತ್ತೈತಿ. ಮಾರಿ ನೋಡಿದರ ತಿಳೀತೈತಿ. ಹೇಳವಾ," ಅಂದಳು. ಗುರುವಾರ ಡಾಕ್ಟರು ನಮ್ಮೂರ ಡೇರಿಗೆ ಬರುವ ದಿನ, ಅದೂ ನನಗೆ ಗೊತ್ತಿತ್ತು. ನಾನು ಅಲ್ಲಿಗೆ ನಡೆದೆ. ಭಾವನೂ ಹಿಂದೆ ಬಂದರು. ಹಾಲು ಅಳೆಯುವ ಹೊತ್ತು, ಕಟ್ಟೆಯ ತುಂಬ ಮಂದಿ. ಡಾಕ್ಟರು ಸ್ಕೂಟರಿನಿಂದ ಇಳಿಯುವುದರೊಳಗೆ ನಾನು ಭಾವನಿಗೆ ಅಡ್ಡ ನಿಂತೆ.

"ಆಕಳ ಏಳತೈತಿರಿ. ಮೊದಲ, ಹ್ವಾದ ಆಕಳ ಹೆಂಗ ಸತ್ತತು ಅನ್ನೂದನ್ನ ಈ ಮಂದೀಗೆ ಹೇಳರಿ."

ಅವರು ನನ್ನನ್ನು ದಾಟಿ ಸ್ಕೂಟರಿನ ಕಡೆ ಹೋಗಲು ನೋಡಿದರು. ಡಾಕ್ಟರು ಏನೂ ತಿಳಿಯದೆ ನನ್ನನ್ನೇ ನೋಡುತ್ತಿದ್ದರು. ಅಲ್ಲಿ ಕೊಟ್ಟಿಗೆಯಲ್ಲಿ ಬಾಯಿಲ್ಲದ ಜೀವವೊಂದು ತಣ್ಣಗಾಗುತ್ತಿದೆ ಎಂಬುದು ನನಗೆ ಗೊತ್ತಿತ್ತು, ಆದರೂ ನಾನು ಸರಿಯಲಿಲ್ಲ. ಕಡೆಗೆ ಭಾವ ಬಾಯಿ ಬಿಟ್ಟರು. "ಪುಡಿ ಹಾಕೋಣ ಅಂತ ಆಕಿ ಹೇಳಿದ್ದಳು. ನಾ ಬ್ಯಾಡ ಅಂದೆ. ಬರಿ ಹಾಕಿದವನೂ ನಾನ. ಆಕಿ ಕಣ್ಣಿಂದು ಏನೂ ತಪ್ಪಿಲ್ಲ." ಧ್ವನಿ ಸಣ್ಣದಿತ್ತು. ಹಿಂದೆ ನಿಂತವರಿಗೆ ಕೇಳಿಸಿಲ್ಲ, ಇನ್ನೊಮ್ಮೆ ಹೇಳರಿ ಎಂದೆ. ಹೇಳಿದರು.

ಆಮೇಲೆ ಡಾಕ್ಟರು ಬಂದು ನರಕ್ಕೆ ಸೂಜಿ ಹಾಕಿದರು. ಬಾಟಲಿಯನ್ನು ಎತ್ತಿ ಹಿಡಿದವಳು ನಾನು. ಔಷಧ ಸಾವಕಾಶವಾಗಿ ಇಳಿಯಬೇಕು, ಅವಸರ ಮಾಡಿದರೆ ಎದೆ ನಿಲ್ಲುತ್ತದೆ ಎಂದು ಅವರು ಆಕಳ ಎದೆಗೆ ಕಿವಿಗೊಟ್ಟೇ ಕೂತರು. ಬಾಟಲಿ ಮುಗಿಯುವ ಹೊತ್ತಿಗೆ ಆಕಳ ಮೈ ಅದುರಿತು, ತೇಗು ಬಂತು, ಸಗಣಿ ಹಾಕಿತು. ಇನ್ನೂ ಸ್ವಲ್ಪ ಹೊತ್ತಿಗೆ ಮುಂಗಾಲು ಊರಿ, ಎರಡು ಸಲ ಜಾರಿ, ಎದ್ದು ನಿಂತು ಕರುವನ್ನು ಮೂಸಿತು. ಬಾಗಿಲಲ್ಲಿ ನಿಂತ ಹೆಂಗಸರು ಯಾರೂ ಚರಿಗೆಗೆ ಸೆರಗು ಮುಚ್ಚಲಿಲ್ಲ. ನಾನು ಆಕಳ ಕಿವಿ ಹಿಡಿದು ನೋಡಿದೆ, ಬೆಚ್ಚಗಾಗುತ್ತಿತ್ತು. ಆಗ ನಾನು ಅತ್ತೆ. ಅದು ಆಕಳಿಗಾಗಿ ಮಾತ್ರ. ಅದರ ಕ್ಷಮೆಯನ್ನು ಕೇಳಿಕೊಂಡಿದ್ದೇನೆ. ಮನೆಯವರ ಕ್ಷಮೆಯನ್ನು ಕೇಳುವುದಿಲ್ಲ.

ಈಗ ಕೊಟ್ಟಿಗೆ ನನ್ನ ಕೈಯಲ್ಲಿದೆ. ಬೂಸಾ, ಶೇಂಗಾ ಹಿಂಡಿಯ ಜೊತೆ ದಿನಾ ಅಳತೆಯ ಖನಿಜ ಪುಡಿ, ಉಪ್ಪು, ಸೋಗೆ ಕಡಿಮೆ ಮಾಡಿ ಹಸಿ ಜೋಳದ ಮೇವು. ಹಾಲು ದಿನದಿನಕ್ಕೆ ಏರುತ್ತಿದೆ. ಭಾವ ಏನು ಹಾಕಬೇಕೆಂದು ನನ್ನನ್ನು ಕೇಳಿಯೇ ಹಾಕುತ್ತಾರೆ. ಕರುವಿಗೆ ಇನ್ನೂ ಹೆಸರಿಟ್ಟಿಲ್ಲ.

ನಿಮ್ಮ ಅಣ್ಣ ಆಶೀರ್ವಾದ ತಿಳಿಸಿದ್ದಾರೆ. ಕೆಂಪವ್ವಕ್ಕ ಏನೂ ಹೇಳಲಿಲ್ಲ, ಹಾಗಾಗಿ ಅವಳ ಹೆಸರಿನಲ್ಲಿ ಏನೂ ಬರೆಯುವುದಿಲ್ಲ. ದೇವರು ನಿಮಗೆ ದೀರ್ಘಾಯುಷ್ಯ ಕೊಡಲಿ. ನೀವು ಬಹಳ ವರ್ಷ ಬದುಕಿರಬೇಕು ಎಂಬುದು ನನ್ನ ಆಸೆ.

ನಿಮ್ಮ ಕೈಹಿಡಿದವಳು,
ತಾರವ್ವ

ತಾ.ಕ.: ಪೋಸ್ಟಮನ್ ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಶುಕ್ರವಾರ ಕೆಂಪವ್ವಕ್ಕ ಗಿಣ್ಣ ತಂದುಕೊಟ್ಟಳು, ತಾಟಿನ ಕೆಳಗೆ ಒಂದು ಇನ್‌ಲ್ಯಾಂಡ್ ಲೆಟರ್ ಇತ್ತು. ನೀವು ನಿಮ್ಮ ಅಣ್ಣನಿಗೆ ಬರೆದದ್ದು, ಮೊದಲಿನ ಆಕಳು ಸಾಯುವುದಕ್ಕೆ ಮೂರು ವಾರ ಮುಂಚಿನ ತಾರೀಖು. ಗಿರಣಿಯ ಮುಕಾದಮ ಚನಮಲ್ಲಪ್ಪನವರು ಮಗಳು ಶೇವಂತಿಯನ್ನು ನನಗೆ ಕೊಡುತ್ತಾರೆ, ಹೆಂಡತಿ ಸತ್ತಿದ್ದಾಳೆಂದು ಅವರಿಗೆ ಹೇಳಿದ್ದೇನೆ, ಏನಾದರೂ ನೆಪ ಮಾಡಿ ತಾರವ್ವನನ್ನು ತವರಿಗೆ ಅಟ್ಟು ಎಂದು ಬರೆದಿದ್ದೀರಿ. ಅಕ್ಷರ ದುಂಡಗಿವೆ, ಯಾರು ಬೇಕಾದರೂ ಓದಬಹುದು. ಶನಿವಾರ ಬನಹಟ್ಟಿಗೆ ಹೋಗಿ ಒಂದು ಫೋಟೊ ತೆಗೆಸಿಕೊಂಡೆ, ಹಿಂದೆ ತಾರೀಖು ಬರೆದು ಸಹಿ ಮಾಡಿದ್ದೇನೆ. ಆ ಫೋಟೊವನ್ನೂ ನಿಮ್ಮ ಪತ್ರವನ್ನೂ ಸೋಮವಾರವೇ ಮುಕಾದಮರ ಹೆಸರಿಗೆ ರಿಜಿಸ್ಟರ್ ಮಾಡಿದ್ದೇನೆ. ಇದು ನಿಮ್ಮ ಕೈ ಸೇರುವ ಮುಂಚೆ ಅದು ಅವರ ಕೈ ಸೇರಿರುತ್ತದೆ.