ತೋಳಿನ ಹೊಲಿಗೆ

ಮಗನೇ,

ಈಗ ಸಂಜೆ ಆರೂವರೆ. ಬೆಳಿಗ್ಗೆ ಎರಡು ಪ್ಯಾಂಟಿನ ಅಂಚು ಮಡಿಚಿ ಹೊಲಿದು, ಮೂರು ಗಂಟೆಗೆ ಗ್ರಂಥಾಲಯಕ್ಕೆ ಹೋಗಿದ್ದೆ. ಹರಕು ಬಟ್ಟೆ ತೊಟ್ಟು ಅಬ್ಬರಿಸಿ ಹಾಡುತ್ತಿದ್ದ ಈ ಊರಿನ ಮೊದಲ ಪಂಕ್ ರಾಕ್ ತಂಡಗಳ ಬಗ್ಗೆ ಸಾಕ್ಷ್ಯಚಿತ್ರ ತೋರಿಸಿದರು. ನೀನು ತೀರಿಕೊಂಡು ನಲವತ್ತು ವರ್ಷವಾದ ಮೇಲೆ, ನೀನು ಹಾಡುವುದನ್ನು ಮೊದಲ ಸಲ ನೋಡಿದೆ.

ಹಾಡು ನನಗೆ ಅರ್ಥವಾಗಲಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಅಂಗಿಯ ಗುರುತು ಹತ್ತಿತು. ನೀನು ಬೇಕೆಂದೇ ತೋಳು ಹರಿದುಕೊಂಡಿದ್ದ ಕೆಂಪು ಅಂಗಿ ಅದು. ದರ್ಜಿಯ ಮಗ ಹರಕು ಬಟ್ಟೆಯಲ್ಲಿ ತಿರುಗಬಾರದೆಂದು ನಿನಗೆ ಹೇಳದೆ ಹೊಲಿದಿಟ್ಟಿದ್ದೆ. "ನನ್ನ ಬಾಯಿಗೂ ಒಂದು ಹೊಲಿಗೆ ಹಾಕ್ಬಿಡು ಅಪ್ಪಾ" ಎಂದು ಕೂಗಾಡಿ ನೀನು ಮನೆ ಬಿಟ್ಟೆ. ಆ ತೋಳನ್ನು ಮತ್ತೆ ಹರಿದಿರುತ್ತೀಯ ಎಂದೇ ಇಷ್ಟು ವರ್ಷ ತಿಳಿದಿದ್ದೆ.

ನಿನ್ನ ಜೊತೆ ಡ್ರಮ್ ಬಾರಿಸುತ್ತಿದ್ದವನು ಈಗ ಬೋಳುತಲೆಯ ಅಜ್ಜ. ಚಿತ್ರದಲ್ಲಿ ನಗುತ್ತಾ ಹೇಳಿದ: "ನಾವೆಲ್ಲ ಚಿಂದಿ ಚಿಂದಿ. ಇವನೊಬ್ಬನದು ನೀಟಾಗಿ ಹೊಲಿದ ತೋಳು! ಕಿತ್ತಾಕೋ ಅಂದ್ರೆ, 'ಮುಟ್ಟಿದ್ರೆ ಹಲ್ಲು ಉದುರಿಸ್ತೀನಿ, ನಮ್ಮಪ್ಪ ಹಾಕಿದ ಹೊಲಿಗೆ ಇದು' ಅಂತಿದ್ದ."

ಜನ ನಕ್ಕರು. ನಾನು ಕನ್ನಡಕ ಒರೆಸಿಕೊಂಡೆ.

ಮನೆ ಬಿಟ್ಟ ಮೇಲೆ ನೀನು ಒಮ್ಮೆ ಅಂಗಡಿಗೆ ಬಂದು, "ಒಂದೇ ಒಂದು ದಿನ ಅಂಗಡಿ ಮುಚ್ಚಿ ನನ್ನ ಹಾಡು ಕೇಳೋಕೆ ಬಾ ಅಪ್ಪಾ" ಎಂದಿದ್ದೆ. ಕೈತುಂಬ ಕೆಲಸವಿದೆ ಎಂದ ನಾನು ತಲೆ ಎತ್ತಲಿಲ್ಲ. ಆಗ ನೀನು ಯಾವ ಅಂಗಿ ಹಾಕಿದ್ದೆಯೋ, ನೋಡಲಿಲ್ಲ.

ನಾಳೆ ಮೂರಕ್ಕೆ ಅದೇ ಚಿತ್ರ ಮತ್ತೊಮ್ಮೆ ಇದೆ. ಅಂಗಡಿ ತೆರೆಯುವುದಿಲ್ಲ.