ಕಿತ್ತಳೆ ಸಿಪ್ಪೆಯ ಮೇಲೆ ಪಳಗಿದ ಕೈ

ಮಾರ್ಚ್ 3, ಮಂಗಳವಾರ

ಹನ್ನೊಂದನೇ ಕಿತ್ತಳೆ. ಸಿಪ್ಪೆಯ ಮೇಲೆ ಟ್ಯಾಟೂ ಸೂಜಿಯಿಂದ ಎಲೆ ಬರೆದೆ. ಗೆರೆ ಕೂದಲೆಳೆಯಷ್ಟು ಸಣ್ಣ, ನಡುಕವಿಲ್ಲ. ಒಂಬತ್ತು ವರ್ಷ ಅಂಗಡಿ ಬೋರ್ಡ್ ಬರೆದ ಕೈ, ಸುಮ್ಮನೆಯೇ? ಈಗ ಬೋರ್ಡೆಲ್ಲ ಪ್ರಿಂಟ್. ನಾನು ಅವಕ್ಕೆ ತೂತು ಹೊಡೆದು ಹಗ್ಗ ಕಟ್ಟುವವಳು.

ಕಿತ್ತಳೆ ತಿಂದು ತಿಂದು ಅಕ್ಕನಿಗೆ ಹಲ್ಲು ಜುಮ್ಮೆನ್ನುತ್ತಿದೆಯಂತೆ. "ನಾಳೆಯಿಂದ ಬಾಳೆಹಣ್ಣಿನ ಮೇಲೆ ಬರಿಯೇ, ಪುಣ್ಯ ಬರುತ್ತೆ" ಎಂದಳು.

ಮಾರ್ಚ್ 5

ಟ್ಯಾಟೂ ಸ್ಟುಡಿಯೋಗೆ ಮತ್ತೆ ಹೋದೆ. ಮೂರನೇ ಸಲ. ಯಜಮಾನರಿಗೆ ನಾನಿಟ್ಟ ಹೆಸರು ಮೇಷ್ಟ್ರು — ಬಾಯಿ ಬಿಟ್ಟರೆ ಪಾಠ. "ಮೊದ್ಲು ಒಂದು ವರ್ಷ ಇಲ್ಲಿ ಕೂತು ನೋಡ್ಬೇಕಮ್ಮ. ಆದ್ರೆ ಈಗ ಜಾಗ ಇಲ್ಲ."

ಕಲಿಯದೆ ಸೂಜಿ ಮುಟ್ಟಬಾರದು, ಕಲಿಯಲು ಜಾಗವಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು! ಟ್ಯಾಟೂ ಸಾಮಾನು ಮಾರುವ ಅಂಗಡಿಯವನದೂ ಅದೇ ರಾಗ: ಸ್ಟುಡಿಯೋ ಲೈಸೆನ್ಸ್ ತೋರಿಸು, ಶಾಯಿ ಕೊಡುತ್ತೇನೆ. ಕೊನೆಗೆ ಮೆಷೀನು, ಶಾಯಿ ಎಲ್ಲ ಆನ್‌ಲೈನಿನಲ್ಲಿ ತರಿಸಿದ್ದು. ಡೆಲಿವರಿಯವನು ಕೇಳಿದ್ದು ಓಟಿಪಿ ಮಾತ್ರ.

ಮಾರ್ಚ್ 8, ಭಾನುವಾರ, ಬೆಳಗ್ಗೆ

ಅಕ್ಕ ಮುಂಗೈ ಮುಂದಿಟ್ಟಳು. ಲಾಂಡ್ರಿಯಲ್ಲಿ ಇಸ್ತ್ರಿಪೆಟ್ಟಿಗೆ ತಗುಲಿ ಸುಟ್ಟ ಕಲೆ. ಬಟ್ಟೆ ಕೊಡಲು ಬಂದವರೆಲ್ಲ ಕೇಳುತ್ತಾರೆ.

"ಏನಾಯ್ತು ಏನಾಯ್ತು ಅಂತ… ಹೇಳಿ ಹೇಳಿ ಸಾಕಾಗಿದೆ ಕಣೇ. ಮೇಲೊಂದು ಬಳ್ಳಿ ಹಾಕ್ಬಿಡು."

ಬೇಡ ಎಂದೆ. ಎರಡು ಸಲ. ಮೂರನೇ ಸಲ ಎನ್ನಲಿಲ್ಲ. ಆಸೆ ನನಗೂ ಇತ್ತು, ಸುಳ್ಳೇಕೆ.

ಅದೇ ದಿನ, ಸಂಜೆ

ಮೆಷೀನಿನಲ್ಲಿ ಸೂಜಿ ಇಳಿಯುವ ಆಳವನ್ನು ಕಿತ್ತಳೆ ಸಿಪ್ಪೆಯ ಲೆಕ್ಕದಲ್ಲಿ ಇಟ್ಟಿದ್ದೆ. ಹಾಗೇ ಬಿಟ್ಟೆ. ಬದಲಿಸಬೇಕೆಂದು ಹೊಳೆಯಲೇ ಇಲ್ಲ! ಸಿಪ್ಪೆ ದಪ್ಪ, ಸುಟ್ಟ ಚರ್ಮ ತೆಳು. ಶಾಯಿ ಒಳಗೊಳಗೇ ಹರಡಿತು. ಎಲೆಗಳೆಲ್ಲ ಒಂದಕ್ಕೊಂದು ಅಂಟಿ ನೀಲಿ ಮುದ್ದೆ.

ಅಕ್ಕ ಆಚೆ ಮುಖ ಮಾಡಿ ಹಲ್ಲು ಕಚ್ಚಿ ಕೂತಿದ್ದಳು. "ಚೆನ್ನಾಗಿ ಬರ್ತಿದ್ಯಾ?"

"ಹೂಂ" ಎಂದೆ. ಎಂದು ಇನ್ನೂ ಎರಡು ಎಲೆ ಹಾಕಿದೆ. ಥೂ, ನನ್ನ ಜನ್ಮಕ್ಕೆ.

ಮಾರ್ಚ್ 12

ಊದಿದೆ. ಕೀವು. ಡಾಕ್ಟರು ಮಾತ್ರೆ ಬರೆದರು. ಅಕ್ಕ ಬೈಯುತ್ತಿಲ್ಲ. ಬೈದಿದ್ದರೆ ವಾಸಿಯಿತ್ತು.

ಏಪ್ರಿಲ್ 18, ಶನಿವಾರ

ಊತ ಇಳಿದಿದೆ, ಮುದ್ದೆ ಉಳಿದಿದೆ. ಅಕ್ಕ ಈ ಸೆಕೆಯಲ್ಲೂ ತುಂಬುತೋಳು ಹಾಕಿ ಇಸ್ತ್ರಿ ಮಾಡುತ್ತಾಳೆ. ಬರೀ ಕಲೆ ಇದ್ದಾಗ ತೋಳು ಮುಚ್ಚಿದವಳಲ್ಲ.

ಮೇಷ್ಟ್ರ ಹತ್ತಿರ ಕರೆದುಕೊಂಡು ಹೋದೆ. ಕೈ ತಿರುಗಿಸಿ ನೋಡಿದರು. "ಯಾರು ಮಾಡಿದ್ದು ಇದನ್ನ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ, "ಯಾರೋ ಸರ್, ಬಸ್ ಸ್ಟ್ಯಾಂಡ್ ಹತ್ರ ಕೂತಿರ್ತಾನೆ. ಹೆಸರು ಗೊತ್ತಿಲ್ಲ."

"ಅವನ ಕೈ ಮುರೀಬೇಕು."

ತೆರೆದ ಬಾಯಿ ಮುಚ್ಚಿದೆ.

ಆರು ತಿಂಗಳು ಬಿಟ್ಟು ಮೇಲೆ ಕಡುಬಣ್ಣದ ಚಿತ್ರ ಹಾಕಿ ಮುಚ್ಚಬಹುದಂತೆ. ಹೊರಡುವಾಗ ನನ್ನನ್ನು ಕರೆದರು. "ನೋಡ್ದೆಯಲ್ಲಮ್ಮ, ಕಲೀದೆ ಮಾಡಿದ್ರೆ ಏನಾಗುತ್ತೆ ಅಂತ. ನೀನಾದ್ರೂ ಕೇಳ್ಕೊಂಡು ಬಂದೆ, ಕಾದೆ. ಹೇಗಾದ್ರೂ ಜಾಗ ಮಾಡ್ತೀನಿ. ಸೋಮವಾರದಿಂದ ಬಾ."

ಮೂರು ಸಲ ಅಂಗಲಾಚಿದರೂ ಸಿಗದ ಜಾಗ. ಖುಷಿಯಾಗಬೇಕಿತ್ತು. ನಾಚಿಕೆಯಾಗುತ್ತಿದೆ.

ದಾರಿಯಲ್ಲಿ ಅಕ್ಕ, "ಸತ್ಯ ಗಿತ್ಯ ಅಂತ ಹೋಗ್ಬೇಡ. ಬಾಯಿ ಮುಚ್ಕೊಂಡು ಕಲಿ. ಇದನ್ನ ನೀನೇ ಸರಿ ಮಾಡ್ಬೇಕು. ಬೇರೆಯವರಿಗೆ ಕೈ ಕೊಡಲ್ಲ ನಾನು."

ಏಪ್ರಿಲ್ 20, ಸೋಮವಾರ, 9.40

ಸ್ಟುಡಿಯೋ ಮೆಟ್ಟಿಲ ಮೇಲೆ ಕೂತಿದ್ದೇನೆ. ಬೀಗ ತೆಗೆದಿಲ್ಲ. ಹೇಳಿದರೆ ಜಾಗ ಹೋಗುತ್ತದೆ, ಅಕ್ಕನ ಕೈ ಸರಿಮಾಡುವ ದಾರಿಯೂ ಹೋಗುತ್ತದೆ. ಹೇಳದಿದ್ದರೆ ಆ ಇಲ್ಲದ ಬಸ್ ಸ್ಟ್ಯಾಂಡಿನವನನ್ನು ಅವರು ಬೈಯುವಾಗೆಲ್ಲ ತಲೆ ಆಡಿಸಬೇಕು. ವರ್ಷಗಟ್ಟಲೆ.

ಮೇಷ್ಟ್ರು ಬರುತ್ತಿದ್ದಾರೆ. ಕೈಯಲ್ಲಿ ಎರಡು ಲೋಟ ಟೀ. ಒಂದು ನನಗೇ ಇರಬೇಕು. ಹಾಳಾದ್ದು… ಹೇಳಿಬಿಡುತ್ತೇನೆ. ಲೋಟ ಕೈಗೆ ಬರುವ ಮೊದಲೇ —